ವಿದೇಶದ ಕೆಲಸದ ಕಾಗದ: ಸಹಿಗೆ ಮೊದಲು ಓದುವವರು ಯಾರು?

ಕಳೆದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಶಾಖೆಯ ಚಿನ್ನದ ಸಾಲದ ಕೌಂಟರಿಗೆ ಪರಿಚಯದ ಮಹಿಳೆಯೊಬ್ಬರು ಬಂದರು. ಸಂಘದ ರಾಜ್ಯೋತ್ಸವಕ್ಕೆ ತಪ್ಪದೆ ಬರುವವರು. ಯಜಮಾನರು ತಿರುವಲ್ಲಿಕ್ಕೇಣಿಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿದವರು, ಮೂಲ ಕುಂದಾಪುರದ ಕಡೆ. ಕರ್ಚೀಫಿನಲ್ಲಿ ಸುತ್ತಿ ತಂದಿದ್ದ ನಾಲ್ಕು ಬಳೆಗಳನ್ನು ಕೌಂಟರಿನ ಮೇಲಿಟ್ಟರು.

“ಮಗನಿಗೆ ದುಬೈನಲ್ಲಿ ಕೆಲಸ ಆಯ್ತು ರಾಯರೇ. ಏಜೆಂಟರಿಗೆ ಒಂದು ಲಕ್ಷ ನಲವತ್ತು ಸಾವಿರ ಕಟ್ಟಬೇಕು. ಇಪ್ಪತ್ತು ಸಾವಿರ ಕೊಟ್ಟಾಗಿದೆ. ಉಳಿದದ್ದು ಶುಕ್ರವಾರದೊಳಗೆ ಬೇಕಂತೆ.”

“ಒಳ್ಳೇದಾಯ್ತಮ್ಮ. ಕಾಗದ ಏನಾದರೂ ಕೊಟ್ಟಿದ್ದಾರಾ?”

ಚೀಲದಿಂದ ಮಡಚಿದ ಜೆರಾಕ್ಸ್ ಪ್ರತಿ ತೆಗೆದರು. ಎರಡು ಪುಟ, ಇಂಗ್ಲಿಷಿನಲ್ಲಿತ್ತು. ಕೆಳಗೆ ಮಗನ ಸಹಿ ಆಗಲೇ ಬಿದ್ದಿತ್ತು. “ಓದಿದ್ದಾನಾ?” ಎಂದೆ. “ಸಂಬಳ ನೋಡಿದ್ದಾನೆ” ಎಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬೀದಿ ಬೇಡ ಎಂದರು, ಬಿಟ್ಟಿದ್ದೇನೆ. ನಾನು ವಕೀಲನಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಕಲಿತ ಕರಾರು ಕಾಯ್ದೆ, ಮೂರು ದಶಕದ ಬ್ಯಾಂಕ್ ಕೆಲಸದಲ್ಲಿ ಕಂಡ ಕಾಗದಗಳು, ಇಷ್ಟೇ ನನ್ನ ಬಂಡವಾಳ. ಆದರೂ ಆ ಎರಡು ಪುಟಗಳಲ್ಲಿ ಇದ್ದದ್ದನ್ನು ನಮ್ಮ ಬಂಧುಗಳೆಲ್ಲ ತಿಳಿಯಬೇಕು ಎನಿಸಿತು. ನಮ್ಮ ಸಂಘಗಳ ಎಷ್ಟೋ ಮನೆಗಳಲ್ಲಿ ಇಂಥ ಒಂದು ಕಾಗದ ಬೀರುವಿನಲ್ಲಿದೆ, ಇಲ್ಲವೇ ಬರುವುದರಲ್ಲಿದೆ.

ಎರಡು ಪುಟಗಳಲ್ಲಿ ಏನಿತ್ತು?

ಹುದ್ದೆ ಅಸಿಸ್ಟೆಂಟ್ ಕುಕ್. ಒಟ್ಟು ಸಂಬಳ ತಿಂಗಳಿಗೆ 1,800 ದಿರ್ಹಂ. ರೂಪಾಯಿಯಲ್ಲಿ ನಲವತ್ತು ಸಾವಿರದ ಮೇಲಾಗುತ್ತದೆ, ಹುಡುಗ ನೋಡಿದ್ದು ಇದನ್ನೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಲವೇತನ 800, ವಸತಿಗೆ 400, ಊಟಕ್ಕೆ 300, ಇತರೆ 300 ಎಂದಿತ್ತು. ಕೆಲಸದ ಅವಧಿ ‘ಕಂಪನಿಯ ಅಗತ್ಯದಂತೆ’. ವೀಸಾ ಮತ್ತು ಟಿಕೆಟ್ ಖರ್ಚು ಅಭ್ಯರ್ಥಿಯದು. ಎರಡು ವರ್ಷದೊಳಗೆ ಬಿಟ್ಟರೆ 5,000 ದಿರ್ಹಂ ಕಟ್ಟಬೇಕು. ಕೊನೆಯ ಸಾಲಿನಲ್ಲಿ, ಅಲ್ಲಿಗೆ ಬಂದ ಮೇಲೆ ಸಹಿ ಮಾಡುವ ಅರಬ್ಬಿ ಕರಾರಿನ ಷರತ್ತುಗಳೇ ಅಂತಿಮ ಎಂದಿತ್ತು. ಅಲ್ಲಿನ ಕಾರ್ಮಿಕ ಸಚಿವಾಲಯದ ನೋಂದಣಿ ಸಂಖ್ಯೆ ಎಲ್ಲೂ ಇರಲಿಲ್ಲ.

ಕೊನೆಯ ಸಾಲನ್ನು ಎರಡು ಸಲ ಓದಿದೆ. ಅದೊಂದು ಸಾಲು ಇದ್ದರೆ ಮೇಲಿನ ಎರಡು ಪುಟಕ್ಕೆ ಬೆಲೆಯೇ ಇಲ್ಲ. ಇಲ್ಲಿ 1,800 ಎಂದು ಬರೆದು ಅಲ್ಲಿ 1,200ಕ್ಕೆ ಸಹಿ ಮಾಡಿಸಿಕೊಳ್ಳಬಹುದು. ಅಷ್ಟರಲ್ಲಿ ಬಳೆ ಅಡವಿಗೆ ಬಿದ್ದಿರುತ್ತದೆ, ಹುಡುಗ ವಿಮಾನ ಇಳಿದಿರುತ್ತಾನೆ. ಬೇಡ ಎನ್ನುವ ಧೈರ್ಯ ಯಾರಿಗಿರುತ್ತದೆ?

ಅಮ್ಮ ಮಾತ್ರ ಧೈರ್ಯವಾಗಿಯೇ ಇದ್ದರು. “ಅವನದು ಇಸಿಎನ್‌ಆರ್ ಪಾಸ್‌ಪೋರ್ಟ್ ರಾಯರೇ, ಚೆಕ್ಕಿಂಗೇ ಇಲ್ಲ” ಎಂದರು. ಹುಡುಗ ಪ್ಲಸ್ ಟು ಮುಗಿಸಿ ಕೇಟರಿಂಗ್ ಡಿಪ್ಲೊಮಾ ಮಾಡಿದವನು. ಈ ‘ಚೆಕ್ಕಿಂಗೇ ಇಲ್ಲ’ ಎಂಬ ಮಾತನ್ನು ನಮ್ಮವರು ಹೆಮ್ಮೆಯಿಂದ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅದರ ಅರ್ಥ ಏನೆಂದು ನೋಡೋಣ.

ಚೆಕ್ಕಿಂಗ್ ಎಂದರೆ ಏನು?

ಕೆಲಸಕ್ಕಾಗಿ ಹೊರದೇಶಕ್ಕೆ ಹೋಗುವವರ ರಕ್ಷಣೆಗೆಂದು ನಮ್ಮಲ್ಲಿ 1983ರ ವಲಸೆ ಕಾಯ್ದೆ ಬಂತು. ಅದಕ್ಕೂ ಮುಂಚೆ ಇದ್ದದ್ದು ಬ್ರಿಟಿಷರ ಕಾಲದ 1922ರ ಕಾಯ್ದೆ. 1983ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರಲು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಮುಂದಿಟ್ಟಿತು. 1983ರ ಕಾಯ್ದೆಯ ವ್ಯವಸ್ಥೆಯಂತೆ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ‘ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್’ ಎಂಬ ಅಧಿಕಾರಿಯ ಅನುಮತಿ ಬೇಕು. ಚೆನ್ನೈಯಲ್ಲಿ ಈ ಕಚೇರಿ ಇದೆ. 2014ರಿಂದೀಚೆಗೆ ‘ಇ-ಮೈಗ್ರೇಟ್’ ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂದಿದೆ.

ಆ ಅಧಿಕಾರಿ ನೋಡುವುದು ಮುಖ್ಯವಾಗಿ ಕೆಲಸದ ಕರಾರನ್ನು. ಕರಾರಿನಲ್ಲಿ ಏನೇನು ಇರಬೇಕೆಂದು 1983ರ ನಿಯಮಗಳಲ್ಲೇ ಬರೆದಿದ್ದಾರೆ. ಎಷ್ಟು ಕಾಲ, ಯಾವ ಸ್ಥಳದಲ್ಲಿ ಕೆಲಸ, ಸಂಬಳವೆಷ್ಟು, ಊಟ ಪುಕ್ಕಟೆಯೋ ಭತ್ಯೆಯೋ, ವಸತಿ ಪುಕ್ಕಟೆಯೇ, ದಿನಕ್ಕೆ ಎಷ್ಟು ಗಂಟೆ, ಓವರ್‌ಟೈಮ್ ಎಷ್ಟು, ರಜೆ ಎಷ್ಟು, ಹೋಗಿಬರುವ ವಿಮಾನ ಖರ್ಚು ಮಾಲೀಕನದೇ, ತಕರಾರು ಬಂದರೆ ತೀರ್ಮಾನ ಹೇಗೆ. ಇವುಗಳ ನಡುವೆ ಒಂದು ಅಂಶ ಓದಿದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ನೌಕರ ಅಲ್ಲಿಯೇ ತೀರಿಕೊಂಡರೆ ಶವವನ್ನು ಊರಿಗೆ ಕಳಿಸುವ ಅಥವಾ ಅಲ್ಲಿಯೇ ಸಂಸ್ಕಾರ ಮಾಡುವ ಏರ್ಪಾಡು ಕರಾರಿನಲ್ಲಿ ಇರಬೇಕು. ಶುಭಕಾರ್ಯಕ್ಕೆ ಹೊರಟಾಗ ಇದೆಂಥ ಮಾತು ಎನ್ನುವವರಿದ್ದಾರೆ. ಗಲ್ಫಿನಿಂದ ಪಾರ್ಥಿವ ಶರೀರಕ್ಕಾಗಿ ವಾರಗಟ್ಟಲೆ ಕಾದ ಮನೆಯವರನ್ನು ಒಮ್ಮೆ ಕೇಳಿದರೆ ಆ ಸಾಲು ಯಾಕೆ ಬೇಕೆಂದು ಅವರೇ ಹೇಳುತ್ತಾರೆ.

ಇದರ ಜೊತೆಗೆ ಇಸಿಆರ್‌ನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ.

ಈಗ ಅಮ್ಮನ ಮಾತಿಗೆ ಬರೋಣ. ಹತ್ತನೇ ತರಗತಿ ಪಾಸಾದವನಿಗೆ ಈ ಯಾವ ತಪಾಸಣೆಯೂ ಇಲ್ಲ. ಅವನ ಕರಾರನ್ನು ಸರ್ಕಾರದ ಯಾರೂ ಓದುವುದಿಲ್ಲ. ಓದಿದವನು, ತಾನೇ ನೋಡಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರ ಸರ್ಕಾರದ್ದು. ಓದಿದವನೋ, ಸಂಬಳದ ಸಾಲು ಮಾತ್ರ ನೋಡಿ ಸಹಿ ಹಾಕುತ್ತಾನೆ. ಹೀಗಾಗಿ ಏಳನೇ ಕ್ಲಾಸಿಗೆ ಬಿಟ್ಟ ಗಾರೆ ಕೆಲಸದವನ ಕಾಗದವನ್ನು ಒಬ್ಬ ಅಧಿಕಾರಿಯಾದರೂ ನೋಡಿರುತ್ತಾನೆ, ನಮ್ಮ ಡಿಪ್ಲೊಮಾ ಹುಡುಗನ ಕಾಗದವನ್ನು ಯಾರೂ ನೋಡಿರುವುದಿಲ್ಲ. ಇಸಿಎನ್‌ಆರ್‌ನವರೂ ಹೊರಡುವ ಮುಂಚೆ ಇ-ಮೈಗ್ರೇಟ್‌ನಲ್ಲಿ ಹೆಸರು ನೋಂದಾಯಿಸುವುದು 2019ರ ಜನವರಿಯಿಂದ ಕಡ್ಡಾಯ ಎಂದು 2018ರ ನವೆಂಬರ್‌ನಲ್ಲಿ ಪ್ರಕಟಣೆ ಬಂತು. ಆಕ್ಷೇಪಗಳು ಎದ್ದವು, ಅದೇ ತಿಂಗಳು ಅದನ್ನು ತಡೆಹಿಡಿದರು.

ದಾದಿಯರ ವಿಷಯದಲ್ಲಿ ಮಾತ್ರ ಸರ್ಕಾರ ಬೇರೆ ದಾರಿ ಹಿಡಿಯಿತು. ನರ್ಸುಗಳ ನೇಮಕದಲ್ಲಿ ಲಕ್ಷಗಟ್ಟಲೆ ವಸೂಲಿ ನಡೆದದ್ದರಿಂದ, 2015ರ ಮೇ ಕೊನೆಯಿಂದ ಅವರ ಪಾಸ್‌ಪೋರ್ಟ್ ಯಾವ ವರ್ಗದ್ದಾದರೂ ಆ 18 ದೇಶಗಳಿಗೆ ವಲಸೆ ಅನುಮತಿ ಬೇಕು, ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ ಆಗಬೇಕು ಎಂಬ ನಿಯಮ ಬಂತು. ತಮಿಳುನಾಡಿನಲ್ಲಿ 1978ರಿಂದಲೇ ಇರುವ ಸಾಗರೋತ್ತರ ಮಾನವಶಕ್ತಿ ನಿಗಮ ಅಂಥ ಒಂದು ಸಂಸ್ಥೆ. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಓದಿದ್ದರೆ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಹನ್ನೊಂದು ಭಾಷೆ, ಅದರಲ್ಲಿ ಕನ್ನಡವಿಲ್ಲ

ಭಾರತದ ಕರಾರು ಕಾಯ್ದೆ 1872ರದು. ಅದರ 13ನೇ ಸೆಕ್ಷನ್ ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ ಎಂಬುದು ಅದರ ತಾತ್ಪರ್ಯ. ದುಬೈ ಕರಾರಿಗೆ ನಮ್ಮ ಕಾಯ್ದೆ ಅನ್ವಯಿಸುವುದಿಲ್ಲ ನಿಜ. ಆದರೆ ಬಾರದ ಭಾಷೆಯಲ್ಲಿ ಬರೆದದ್ದಕ್ಕೆ ಒಂದೇ ಅರ್ಥದಲ್ಲಿ ಒಪ್ಪುವುದು ಹೇಗೆ ಎಂಬ ಪ್ರಶ್ನೆ ಎಲ್ಲ ದೇಶಕ್ಕೂ ಒಂದೇ.

ಯುಎಇ ಸರ್ಕಾರ ಇದಕ್ಕೊಂದು ಉತ್ತರ ಹುಡುಕಿತು. 2015ರ ಕಾರ್ಮಿಕ ಸಚಿವಾಲಯದ ಆದೇಶವೊಂದು 2016ರ ಜನವರಿ 1ರಿಂದ ಜಾರಿಗೆ ಬಂತು. ಅದರಂತೆ ಮಾಲೀಕ ವೀಸಾ ಹಾಕುವ ಮುಂಚೆಯೇ ಸಚಿವಾಲಯದ ನಿಗದಿತ ನಮೂನೆಯ ಆಫರ್ ಪತ್ರವನ್ನು ಕಳಿಸಬೇಕು, ನೌಕರ ತನ್ನ ದೇಶದಲ್ಲೇ ಅದನ್ನು ಓದಿ ಸಹಿ ಮಾಡಬೇಕು, ಅಲ್ಲಿಗೆ ಹೋದ ಮೇಲೆ ಮಾಡುವ ಕರಾರಿನಲ್ಲಿ ಅದೇ ಷರತ್ತುಗಳಿರಬೇಕು. ಅರಬ್ಬಿ, ಇಂಗ್ಲಿಷ್ ಜೊತೆಗೆ ನೌಕರನಿಗೆ ತಿಳಿಯುವ ಮೂರನೆಯ ಭಾಷೆಯೂ ಇರಬೇಕು. ಒಟ್ಟು ಹನ್ನೊಂದು ಭಾಷೆಗಳಲ್ಲಿ ನಮೂನೆ ಸಿದ್ಧ ಮಾಡಿದರು. ಹಿಂದಿ, ತಮಿಳು, ಮಲಯಾಳ, ಬಂಗಾಳಿ, ಉರ್ದು, ನೇಪಾಳಿ, ಸಿಂಹಳ, ದರಿ, ಚೀನಿ ಎಲ್ಲ ಇವೆ. ಕನ್ನಡ ಇಲ್ಲ. ತೆಲುಗೂ ಇಲ್ಲ.

ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫಿಗೆ ಹೋದವರ ಸಂಖ್ಯೆ ಕಡಿಮೆಯೇ? ಈ ಹುಡುಗನ ಸೋದರಮಾವನ ಮಗ ಕುಂದಾಪುರದಿಂದ ಶಾರ್ಜಾಕ್ಕೆ ಹೋಗುವಾಗ ಹಿಂದಿ ಕಾಲಮ್ಮಿನ ಪತ್ರಕ್ಕೆ ಸಹಿ ಮಾಡಿದನಂತೆ. ಹಿಂದಿ ಸಿನಿಮಾ ಅರ್ಥವಾಗುತ್ತದೆ, ಕಾನೂನಿನ ಹಿಂದಿ ಆಗುವುದಿಲ್ಲ. ಚೆನ್ನೈಯಲ್ಲಿ ಹುಟ್ಟಿದ ನಮ್ಮ ಹುಡುಗನಿಗೋ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಶಾಲೆಯಲ್ಲಿ ಓದಿದ್ದು ತಮಿಳು. ಅದರ ಬಗ್ಗೆ ಸಂಘದ ಸಭೆಗಳಲ್ಲಿ ನಾವು ಎಷ್ಟು ವ್ಯಥೆಪಟ್ಟಿದ್ದೇವೆ! ಈ ಒಂದು ಕಾಗದದ ಮಟ್ಟಿಗೆ ಅವನ ತಮಿಳೇ ಅವನಿಗೆ ಆಸರೆ. ಆದರೆ ಏಜೆಂಟರು ಕೊಟ್ಟ ಎರಡು ಪುಟದಲ್ಲಿ ತಮಿಳು ಕಾಲಮ್ಮೂ ಇರಲಿಲ್ಲ, ಸಚಿವಾಲಯದ ಮುದ್ರೆಯೂ ಇರಲಿಲ್ಲ. ಅದು ಆ ನಮೂನೆಯೇ ಅಲ್ಲ.

ಮದರಾಸಿಗೆ ಈ ಕಾಗದ ಹೊಸದೇನಲ್ಲ. 1860ರ ಅಕ್ಟೋಬರ್‌ನಲ್ಲಿ ‘ಟ್ರೂರೊ’ ಎಂಬ ಹಡಗು ಈ ಬಂದರಿನಿಂದಲೇ 342 ಜನರನ್ನು ಹೊತ್ತು ಹೊರಟು, ನವೆಂಬರ್ 16ರಂದು ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿತು. ಕಬ್ಬಿನ ತೋಟದ ಕೆಲಸ, ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್. ಫಿಜಿಗೂ 1903ರಿಂದ ಮದರಾಸಿನಿಂದ ಹಡಗುಗಳು ಹೋದವು. ‘ಅಗ್ರಿಮೆಂಟ್’ ಎಂಬ ಪದ ಅಲ್ಲಿನ ಕೂಲಿಗಳ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯರಾದರು. ಹುಬ್ಬಳ್ಳಿ–ಧಾರವಾಡದವರಿಗೆ ಗಿರ್ಮಿಟ್ ಎಂದರೆ ಮಂಡಕ್ಕಿ ತಿಂಡಿ. ಫಿಜಿಯವರಿಗೆ ಅದು ಐದು ವರ್ಷದ ಜೀತ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ ಹೋದರು. 1917ರಲ್ಲಿ ಆ ನೇಮಕಾತಿ ನಿಂತಿತು.

ಸಂಬಳಕ್ಕಿಂತ ಮೂಲವೇತನ ನೋಡಿ

ಬ್ಯಾಂಕಿನವನಾದ್ದರಿಂದ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1,800ರಲ್ಲಿ ಮೂಲವೇತನ 800 ಎಂದು ಹಾಕಿದ್ದು ಸುಮ್ಮನೆ ಅಲ್ಲ. ಯುಎಇ ಕಾನೂನಿನಲ್ಲಿ ಓವರ್‌ಟೈಮ್ ಮತ್ತು ಗ್ರಾಚ್ಯುಟಿ ಎರಡೂ ಮೂಲವೇತನದ ಮೇಲೆ. ಅಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದರ ಮೇಲೆ ದುಡಿದರೆ ಶೇ. 25 ಹೆಚ್ಚು, ರಾತ್ರಿ 10ರಿಂದ ಬೆಳಗಿನ 4ರ ನಡುವೆಯಾದರೆ ಶೇ. 50 ಹೆಚ್ಚು. ಮೂಲವೇತನ 800 ಆದರೆ ಗಂಟೆಗೆ 3.33 ದಿರ್ಹಂ, ಶೇ. 25 ಸೇರಿ 4.17. ದಿನಕ್ಕೆ 2 ಗಂಟೆಯಂತೆ 26 ದಿನ ದುಡಿದರೆ ತಿಂಗಳಿಗೆ 217 ದಿರ್ಹಂ. ಮೂಲವೇತನ 1,300 ಎಂದಿದ್ದರೆ ಅದೇ ದುಡಿಮೆಗೆ 352. ಒಟ್ಟು ಸಂಬಳ ಎರಡರಲ್ಲೂ 1,800ವೇ.

ಗ್ರಾಚ್ಯುಟಿಯೂ ಹಾಗೆಯೇ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ, ಅನಂತರ 30 ದಿನದ ಮೂಲವೇತನ. 800ರ ಲೆಕ್ಕದಲ್ಲಿ ವರ್ಷಕ್ಕೆ 560 ದಿರ್ಹಂ, 1,300ರ ಲೆಕ್ಕದಲ್ಲಿ 910. ಹೋಟೆಲ್ ಕೆಲಸದಲ್ಲಿ ಎಂಟು ಗಂಟೆಗೆ ಏಪ್ರನ್ ಬಿಚ್ಚಿದವರನ್ನು ನಾನಂತೂ ಕಂಡಿಲ್ಲ. ಅಡಿಗೆಯವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ. ‘ಕಂಪನಿಯ ಅಗತ್ಯದಂತೆ’ ಎಂಬ ಮಾತು ಬಂದದ್ದೂ ಇದಕ್ಕೇ.

ವೀಸಾ, ಟಿಕೆಟ್ ಖರ್ಚು ಅಭ್ಯರ್ಥಿಯದು ಎಂದಿತ್ತಲ್ಲ, 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ನೌಕರನಿಂದ ವಸೂಲಿ ಮಾಡಬಾರದು. ಪ್ರೊಬೇಷನ್ ಆರು ತಿಂಗಳಿಗೆ ಮೀರಬಾರದು. ಆ ಅವಧಿಯಲ್ಲಿ ಬಿಟ್ಟು ಊರಿಗೆ ಬರುವುದಾದರೆ 14 ದಿನ ಮುಂಚೆ ಬರೆದುಕೊಟ್ಟರೆ ಸಾಕು. 5,000 ದಿರ್ಹಂ ದಂಡದ ಸಾಲು ಹೆದರಿಸಲಿಕ್ಕೆ ಬರೆದದ್ದು. ಹೆದರುವವರು ಇರುವ ತನಕ ಅಂಥ ಸಾಲು ಬರೆಯುವವರೂ ಇರುತ್ತಾರೆ. ಬ್ರಿಟನ್ನಿಗೆ ಹೋದ ನರ್ಸುಗಳಿಗೂ ಬೇಗ ಬಿಟ್ಟರೆ ಸಾವಿರಾರು ಪೌಂಡ್ ಹಿಂತಿರುಗಿಸಬೇಕೆಂಬ ಷರತ್ತುಗಳು ಇದ್ದವು. ಅಲ್ಲಿ ಗಲಾಟೆಯಾಗಿ 2022ರಲ್ಲಿ ಸರ್ಕಾರ ನೇಮಕಾತಿ ಸಂಹಿತೆಯನ್ನು ತಿದ್ದಿತು.

ಅಮೆರಿಕಕ್ಕೆ ಎಚ್-1ಬಿ ವೀಸಾದಲ್ಲಿ ಹೋಗುವ ಸಾಫ್ಟ್‌ವೇರ್ ಮಕ್ಕಳ ಕಥೆ ಬೇರೆ, ಅವರಿಗೆ ನಾನು ಹೇಳುವಂಥದ್ದು ಹೆಚ್ಚಿಲ್ಲ. ಮಾಲೀಕರು ಅಲ್ಲಿನ ಕಾರ್ಮಿಕ ಇಲಾಖೆಗೆ ಸಲ್ಲಿಸಿದ ‘ಎಲ್‌ಸಿಎ’ ಅರ್ಜಿಯ ಪ್ರತಿ ನೌಕರನಿಗೆ ಸಿಗಬೇಕು ಎಂಬುದಷ್ಟು ನೆನಪಿಟ್ಟುಕೊಳ್ಳಲಿ. ಸಂಬಳ ಎಷ್ಟೆಂದು ಅದರಲ್ಲಿ ಬರೆದಿರುತ್ತದೆ.

ಏಜೆಂಟರ ಸಂಖ್ಯೆ ಕೇಳಿ

ನೇಮಕಾತಿ ಏಜೆಂಟರಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಕಡ್ಡಾಯ. ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. 2017ರ ತಿದ್ದುಪಡಿಯಲ್ಲಿ ಅದನ್ನು 50 ಲಕ್ಷಕ್ಕೆ ಏರಿಸಿ, ಸಣ್ಣ ಏಜೆಂಟರಿಗೆ 8 ಲಕ್ಷ ಎಂದು ಮಾಡಿದರು. ಇಷ್ಟು ಹಣ ಕಟ್ಟಿದವನು ತನ್ನ ನೋಂದಣಿ ಸಂಖ್ಯೆಯನ್ನು ಮುಚ್ಚಿಡುವುದಿಲ್ಲ, ಬೋರ್ಡಿನ ಮೇಲೆ ಬರೆಸಿರುತ್ತಾನೆ. ಇ-ಮೈಗ್ರೇಟ್‌ನಲ್ಲಿ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಸಬ್ ಏಜೆಂಟ್ ಎಂಬವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಶೇ. 18 ಜಿಎಸ್‌ಟಿ, ಒಟ್ಟು 35,400. ಅದಕ್ಕೆ ರಸೀದಿ ಕೊಡಬೇಕು. ಯುಎಇ ಕಾನೂನು ನೌಕರನಿಂದ ಏನೂ ಪಡೆಯಬೇಡಿ ಎನ್ನುತ್ತದೆ, ನಮ್ಮ ನಿಯಮ 30,000 ಪಡೆಯಿರಿ ಎನ್ನುತ್ತದೆ. ಈ ವಿಚಿತ್ರ ನನಗೂ ಅರ್ಥವಾಗಿಲ್ಲ. ಒಂದು ಲಕ್ಷ ನಲವತ್ತು ಸಾವಿರವಂತೂ ಯಾವ ನಿಯಮದಲ್ಲೂ ಇಲ್ಲ.

ಹೇಳಿದ ದೇಶವೇ ಬೇರೆ, ಇಳಿದ ದೇಶವೇ ಬೇರೆ ಆದ ಪ್ರಸಂಗವೂ ನಮ್ಮವರಿಗೆ ಗೊತ್ತು. 2016ರಲ್ಲಿ ಉಡುಪಿ ಜಿಲ್ಲೆಯ ಮಹಿಳೆಯೊಬ್ಬರನ್ನು ಕತಾರ್ ಎಂದು ಹೇಳಿ ಸೌದಿ ಅರೇಬಿಯಾಕ್ಕೆ ಕಳಿಸಿದ್ದರು. ಉಡುಪಿಯ ಡಾ. ರವೀಂದ್ರನಾಥ ಶ್ಯಾನುಭಾಗರ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಹೋರಾಟದಿಂದ ಆಕೆ ಊರಿಗೆ ಬಂದದ್ದು 2017ರಲ್ಲಿ. 2019ರಲ್ಲಿ ಮಂಗಳೂರು ಕಡೆಯ ಮೂವತ್ತಕ್ಕೂ ಹೆಚ್ಚು ಯುವಕರು ಹೇಳಿದ ಕೆಲಸ ಸಿಗದೆ ಕುವೈತಿನಲ್ಲಿ ಸಿಕ್ಕಿಬಿದ್ದು, ವಿಡಿಯೊ ಮಾಡಿ ಶಾಸಕ ವೇದವ್ಯಾಸ ಕಾಮತರ ಸಹಾಯ ಕೇಳಿದ್ದರು. ಅಲ್ಲಿನ ಕನ್ನಡಿಗರೂ ಕೈಜೋಡಿಸಿದ ಮೇಲೆ ಅವರು ಮರಳಿದರು. 2022ರಲ್ಲಂತೂ ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ನಂಬಿಸಿ ಮ್ಯಾನ್ಮಾರಿಗೆ ಸಾಗಿಸಿ ಆನ್‌ಲೈನ್ ವಂಚನೆ ಮಾಡಿಸುತ್ತಿದ್ದರು. ಆ ಅಕ್ಟೋಬರ್‌ನಲ್ಲಿ ತಮಿಳುನಾಡಿನ 13 ಯುವಕರು ಪಾರಾಗಿ ಚೆನ್ನೈಗೆ ಬಂದರು. ಅಲ್ಲಿ ಬಲೆಗೆ ಬಿದ್ದವರು ಕಂಪ್ಯೂಟರ್ ಬಲ್ಲ ಹುಡುಗರು, ‘ಚೆಕ್ಕಿಂಗೇ ಇಲ್ಲ’ದವರು.

ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸಿಕೊಡುತ್ತೇವೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಸಹಿ ಮಾಡಿದ ಕರಾರಿನ ಒಂದು ಪ್ರತಿ ಮನೆಯಲ್ಲಿ ಇರಲಿ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಯುಎಇ, ಸೌದಿ, ಕತಾರ್ ಮೂರು ಕಡೆಯೂ ಕಾನೂನಿಗೆ ವಿರುದ್ಧ. ಸಂಶಯವಿದ್ದರೆ ವಿದೇಶಾಂಗ ಸಚಿವಾಲಯದ ಸಹಾಯವಾಣಿ 1800 11 3090ಕ್ಕೆ ಪುಕ್ಕಟೆ ಫೋನ್ ಮಾಡಬಹುದು. ಇನ್ನು ನಮ್ಮ ಇಲಾಖೆಯ ಒಂದು ಮಾತು. ಕೆಲಸಕ್ಕೆ ಹೊರಟವರು ಬ್ಯಾಂಕಿಗೆ ತಿಳಿಸಿ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಹಣ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಬೇಕು. ನಾಮಿನಿ ಹೆಸರು ಬರೆಯದೆ ಹೋಗುವವರೇ ಹೆಚ್ಚು.

ಬಳೆಗಳ ವಿಷಯ

ಆ ದಿನ ಸಾಲ ಕೊಡಲಿಲ್ಲ. ಕೊಡಲಾರೆ ಎನ್ನುವ ಅಧಿಕಾರ ನನಗಿಲ್ಲ. “ಒಂದು ದಿನ ತಡೆಯಿರಿ, ಸಂಜೆ ಮಗನನ್ನು ಮನೆಗೆ ಕಳಿಸಿ” ಎಂದು ಕೇಳಿಕೊಂಡೆ. ಹುಡುಗ ಬಂದ, ಸ್ವಲ್ಪ ಸಿಟ್ಟಿನಲ್ಲೇ ಇದ್ದ. “ಎಲ್ಲರೂ ಇದಕ್ಕೇ ಸಹಿ ಹಾಕ್ತಾರೆ ಅಂಕಲ್” ಎಂದ. ಅವನ ಫೋನಿನಲ್ಲೇ ಇ-ಮೈಗ್ರೇಟ್ ತೆಗೆದು ಏಜೆಂಟರ ಹೆಸರು ಹುಡುಕಿಸಿದೆ. ಬರಲಿಲ್ಲ. ಬೇರೆ ಕಾಗುಣಿತದಲ್ಲಿ ಹುಡುಕಿದ. ಆಗಲೂ ಇಲ್ಲ. ಮರುದಿನ ಅವರ ಆಫೀಸಿಗೆ ಹೋಗಿ ನೋಂದಣಿ ಸಂಖ್ಯೆ ಕೇಳಿದ್ದಕ್ಕೆ, ನಮ್ಮ ಮುಖ್ಯ ಕಚೇರಿ ಮುಂಬೈಯಲ್ಲಿದೆ ಎಂದರಂತೆ. ಕೊಟ್ಟ ಇಪ್ಪತ್ತು ಸಾವಿರ ವಾಪಸು ಬರಲಿಲ್ಲ. ರಸೀದಿ ಇರಲಿಲ್ಲ, ದೂರು ಕೊಡಲು ಅವನಪ್ಪ ಒಪ್ಪಲಿಲ್ಲ. ಎರಡು ತಿಂಗಳು ಅವರ ಮನೆಯವರು ಸಂಘದಲ್ಲಿ ನನ್ನನ್ನು ಕಂಡರೂ ಕಾಣದಂತೆ ಇದ್ದರು. ಆದ ಕೆಲಸ ಕೆಡಿಸಿದೆ ಎಂದು ಅವರಿಗೆ ಅನಿಸಿದ್ದರೆ ತಪ್ಪೇನೂ ಇಲ್ಲ.

ದೀಪಾವಳಿಯ ಹೊತ್ತಿಗೆ ನೋಂದಾಯಿತ ಏಜೆಂಟರೊಬ್ಬರ ಮೂಲಕ ಇನ್ನೊಂದು ಆಫರ್ ಬಂತು. ಒಟ್ಟು ಸಂಬಳ 1,700, ಮೊದಲಿನದಕ್ಕಿಂತ ನೂರು ಕಡಿಮೆ. ಮೂಲವೇತನ 1,300. ವಸತಿ ಕಂಪನಿಯದು, ಟಿಕೆಟ್ ಕಂಪನಿಯದು. ಮೂರು ಭಾಷೆಯ ಪತ್ರ, ಮೂರನೆಯದು ತಮಿಳು. ನಮ್ಮ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಹುಡುಗ ಒಂದೊಂದೇ ಷರತ್ತನ್ನು ತಮಿಳಿನಲ್ಲಿ ಓದಿ, ಅಮ್ಮನಿಗೆ ಕುಂದಾಪುರದ ಕನ್ನಡದಲ್ಲಿ ಹೇಳಿದ. ಒಂದು ಗಂಟೆ ಹಿಡಿಯಿತು. ರಜೆಯ ಸಾಲು ಬಂದಾಗ ಅಮ್ಮ, ತಂಗಿಯ ಮದುವೆಗೆ ಬರಲು ಆಗುತ್ತದೋ ಎಂದು ಎರಡು ಸಲ ಕೇಳಿದರು.

ಮರುದಿನ ಬಳೆಗಳ ಪೈಕಿ ಎರಡನ್ನು ಮಾತ್ರ ಅಡವಿಟ್ಟರು. ಹುಡುಗ ಹೋಗಿ ಈಗ ಕೆಲವು ತಿಂಗಳಾಯಿತು. ಬಡ್ಡಿಯನ್ನು ಅವನೇ ಕಳಿಸುತ್ತಿದ್ದಾನೆ. ಎರಡು ಬಳೆ ಇನ್ನೂ ನಮ್ಮ ಸೇಫಿನಲ್ಲಿವೆ.